ಮಧ್ಯಮ ದರ್ಜೆಯ ಗ್ರಾಫಿಕ್ಸ್ ಕಾರ್ಡ್: ಕೊಟ್ಟ ದುಡ್ಡಿಗೆ ದಕ್ಕುವುದೆಷ್ಟು?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ: ರೈಜನ್ 5 3600 ಪ್ರೊಸೆಸರ್, ಬಿ450 ಮದರ್‌ಬೋರ್ಡ್, 6 ಜಿಬಿ ಮೆಮೊರಿಯ ಜಿಟಿಎಕ್ಸ್ 1660 ಸೂಪರ್ ಗ್ರಾಫಿಕ್ಸ್ ಕಾರ್ಡ್, ಜೊತೆಗೆ 1080ಪಿ 144 ಹರ್ಟ್ಸ್ (ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವ) ಮಾನಿಟರ್ ಇದೆ. ನೀವು ನೋಡಿದ ಪಟ್ಟಿಯಲ್ಲಿ 8 ಜಿಬಿಯ ಆರ್‌ಟಿಎಕ್ಸ್ 5060 ಟಿಐ 'ಒಂದು ಫ್ರೇಮಿಗೆ ಎಷ್ಟು ದುಡ್ಡು' ಎಂಬ ಲೆಕ್ಕದಲ್ಲಿ (ಬೆಲೆಯನ್ನು ಸೆಕೆಂಡಿಗೆ ಮೂಡುವ ಚಿತ್ರಗಳ, ಅಂದರೆ ಫ್ರೇಮುಗಳ, ಸಂಖ್ಯೆಯಿಂದ ಭಾಗಿಸಿದಾಗ) ಎಲ್ಲಕ್ಕಿಂತ ಮುಂದಿದೆ, ಅದೇ ಕಾರ್ಡಿನ 16 ಜಿಬಿ ಮಾದರಿ ಕೆಳಗಿದೆ. ಹಾಗಾದರೆ 8 ಜಿಬಿಯದ್ದನ್ನೇ ತಗೊಳ್ಳಲೇ ಅಂತ ಕೇಳಿದ್ದೀರಿ.

ನಿಮ್ಮ ಮಷಿನಿಗಾದರೆ ಖಂಡಿತ ಬೇಡ. ಯಾಕೆ ಅಂತ ಹೇಳುವ ಮೊದಲು ಒಂದು ಮಾತು. ನಾನೂ ಹಿಂದೆ ಇದೇ ಲೆಕ್ಕ ಹಾಕಿದ್ದೆ. ವಾರಗಟ್ಟಲೆ ಕೂತು, ಒಂದು ಸಾಲಿನಲ್ಲಿ ಬೆಲೆ, ಪಕ್ಕದಲ್ಲಿ ಸರಾಸರಿ ಫ್ರೇಮ್ ಬರೆದು, ಭಾಗಿಸಿ, ಮೊದಲು ಬಂದ 8 ಜಿಬಿ ಕಾರ್ಡನ್ನು ತಂದೆ. ಸರಾಸರಿ ಪಟ್ಟಿಯಲ್ಲಿದ್ದಷ್ಟೇ ಬಂತು. ಆದರೆ ಆಟದಲ್ಲಿ ಬಯಲು ದಾಟಿ ಊರೊಳಗೆ ಕಾಲಿಟ್ಟಾಗಲೆಲ್ಲ ಚಿತ್ರ ಗಕ್ಕನೆ ನಿಲ್ಲುತ್ತಿತ್ತು. ಅಂಗಡಿಯ ಬೋರ್ಡುಗಳ ಮೇಲಿನ ಅಕ್ಷರ ಹತ್ತಿರ ಹೋದರೂ ಮಂಜುಮಂಜಾಗಿಯೇ ಇರುತ್ತಿತ್ತು. ಎರಡನ್ನೂ ಆ ಪಟ್ಟಿ ಹೇಳಿರಲಿಲ್ಲ. ಅಲ್ಲಿಂದ ನಾನು ಲೆಕ್ಕ ಬಿಡಲಿಲ್ಲ, ಯಾವ ಫ್ರೇಮ್ ಎಣಿಸಬೇಕು ಅನ್ನುವುದನ್ನು ಬದಲಿಸಿದೆ. ಈಗ ಎಣಿಸುವುದು ನನ್ನ ಮಾನಿಟರ್ ಮೇಲೆ, ನನ್ನ ಪ್ರೊಸೆಸರ್ ಜೊತೆ, ನಿಜವಾಗಿ ದಕ್ಕುವ ಫ್ರೇಮುಗಳನ್ನು ಮಾತ್ರ.

ಮೊದಲು ಸರಾಸರಿಯ ವಿಷಯ. ಹತ್ತು ಸೆಕೆಂಡು ಆಟ ಸೆಕೆಂಡಿಗೆ 60 ಫ್ರೇಮಿನಂತೆ ಓಡಿತು ಅನ್ನಿ. ನಡುವೆ ಒಂದೇ ಒಂದು ಫ್ರೇಮ್ 100 ಮಿಲಿಸೆಕೆಂಡು ತಿಂದಿತು. ಕಣ್ಣಿಗೆ ಅದು ಸ್ಪಷ್ಟವಾಗಿ ಚುಚ್ಚುತ್ತದೆ, ಏಕೆಂದರೆ ಉಳಿದ ಫ್ರೇಮುಗಳು ತಲಾ 16.7 ಮಿಲಿಸೆಕೆಂಡಿಗೆ ಬರುತ್ತಿವೆ. ಸರಾಸರಿ ಮಾತ್ರ 60ರಿಂದ 59.5ಕ್ಕೆ ಇಳಿಯುತ್ತದೆ, ಅಷ್ಟೇ. ಅದಕ್ಕೇ ವಿಮರ್ಶೆಗಳಲ್ಲಿ 'ಶೇ. 1 ಲೋ' ಅಂತ ಕೊಡುವ ಅಂಕಿಯನ್ನು ಮೊದಲು ನೋಡಿ. ಅದು ಅತಿ ನಿಧಾನವಾಗಿ ಬಂದ ಫ್ರೇಮುಗಳ ಕಥೆ ಹೇಳುತ್ತದೆ. ಬೆಲೆಯನ್ನು ಆ ಅಂಕಿಯಿಂದ ಭಾಗಿಸಿ ನೋಡಿದರೆ ಎಷ್ಟೋ ಸಲ ಪಟ್ಟಿಯ ಕ್ರಮವೇ ತಿರುಗುಮುರುಗಾಗುತ್ತದೆ.

ಹಲವು ಆಟಗಳನ್ನು ಸೇರಿಸಿ ತೆಗೆದ ಸರಾಸರಿಯಲ್ಲಿ ಇನ್ನೊಂದು ಮೋಸ ಅಡಗಿರುತ್ತದೆ. ನಾಲ್ಕು ಭಾರದ ಆಟಗಳಲ್ಲಿ 60, ಒಂದು ಹಗುರ ಆಟದಲ್ಲಿ 300 ಬಂದರೆ ಸರಾಸರಿ 108. ಐದರಲ್ಲಿ ಒಂದು ಆಟದಲ್ಲೂ ನಿಮಗೆ 108 ಸಿಗುವುದಿಲ್ಲ! ಮೇಲಾಗಿ ಆ 300ರಲ್ಲಿ ನಿಮ್ಮ ಮಾನಿಟರ್ ತೋರಿಸುವುದು 144 ಮಾತ್ರ. ಸ್ಪರ್ಧಾತ್ಮಕ ಶೂಟರ್ ಆಡುವವರಿಗೆ ಉಳಿದದ್ದರಿಂದ ಪ್ರತಿಕ್ರಿಯೆ ಚೂರು ಚುರುಕಾಗುತ್ತದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ನೀವು ಪಟ್ಟಿ ಮಾಡಿದ್ದೆಲ್ಲ ಕಥೆಯಿರುವ ದೊಡ್ಡ ಆಟಗಳೇ. ಹಾಗಾಗಿ ನೀವು ಆಡುವ ಮೂರು ನಾಲ್ಕು ಆಟಗಳ ಅಂಕಿಯನ್ನಷ್ಟೇ ಹೆಕ್ಕಿಕೊಳ್ಳಿ, ಮಿಕ್ಕಿದ್ದನ್ನು ಬಿಡಿ.

ಇನ್ನು ಪ್ರೊಸೆಸರ್. ವಿಮರ್ಶಕರು ಕಾರ್ಡುಗಳನ್ನು ಪರೀಕ್ಷಿಸುವಾಗ ಸಾಮಾನ್ಯವಾಗಿ ರೈಜನ್ 7 9800ಎಕ್ಸ್3ಡಿ ಥರದ, ಆ ಹೊತ್ತಿಗೆ ಅತಿ ವೇಗದ ಪ್ರೊಸೆಸರ್ ಹಾಕುತ್ತಾರೆ. ಕಾರ್ಡಿನ ಪೂರ್ತಿ ಶಕ್ತಿ ಅಳೆಯಲು ಅದು ಸರಿಯಾದ ಕ್ರಮವೇ. ಆದರೆ 2019ರ 3600ರ ಜೊತೆ ಆ ಅಂಕಿ ಬರುವುದಿಲ್ಲ. ನೀವೇ ಮನೆಯಲ್ಲಿ ಪರೀಕ್ಷಿಸಬಹುದು. ಈಗಿರುವ ಕಾರ್ಡಿನಲ್ಲೇ, ನೀವು ಆಡುವ ಆಟದ ಅತ್ಯಂತ ಗಿಜಿಗುಡುವ ಜಾಗಕ್ಕೆ ಹೋಗಿ, ಉಳಿದ ಸೆಟ್ಟಿಂಗುಗಳನ್ನು ಹಾಗೇ ಬಿಟ್ಟು ರೆಸಲ್ಯೂಶನ್ ಮಾತ್ರ 720ಪಿಗೆ ಇಳಿಸಿ. ಫ್ರೇಮ್ ಸಂಖ್ಯೆ ಎಲ್ಲಿಗೆ ಏರಿ ನಿಲ್ಲುತ್ತದೋ ಹೆಚ್ಚುಕಡಿಮೆ ಅದೇ ನಿಮ್ಮ ಪ್ರೊಸೆಸರಿನ ಮಿತಿ. 85ಕ್ಕೆ ನಿಂತಿತು ಅನ್ನಿ. ಆಗ ಆ ಆಟದಲ್ಲಿ 85 ಕೊಡುವ ಕಾರ್ಡಿಗೂ 130 ಕೊಡುವ ಕಾರ್ಡಿಗೂ ನಿಮ್ಮ ಪಾಲಿಗೆ ವ್ಯತ್ಯಾಸವಿಲ್ಲ. ಡಿಎಲ್‌ಎಸ್‌ಎಸ್, ಎಫ್‌ಎಸ್‌ಆರ್ (ಚಿಕ್ಕದಾಗಿ ಬಿಡಿಸಿದ ಚಿತ್ರವನ್ನು ಹಿಗ್ಗಿಸಿ ತೋರಿಸುವ ತಂತ್ರಗಳು) ಬಳಸಿದರೆ ಈ ಮಿತಿ ಇನ್ನೂ ಬೇಗ ಅಡ್ಡ ಬರುತ್ತದೆ, ಏಕೆಂದರೆ ಕಾರ್ಡ್ ಬಿಡಿಸುವ ಚಿತ್ರ ಚಿಕ್ಕದಾಗುತ್ತದೆ: 1440ಪಿಯ 'ಕ್ವಾಲಿಟಿ' ಸೆಟ್ಟಿಂಗಿನಲ್ಲಿ ಒಳಗೆ ನಿಜವಾಗಿ ಬಿಡಿಸುವುದು 960ಪಿ ಮಾತ್ರ. ಇಂಟೆಲ್‌ನ ಆರ್ಕ್ ಬಿ580 ಡಿಸೆಂಬರ್ 2024ರಲ್ಲಿ ಬಂದಾಗ ಬೆಲೆಗೆ ತಕ್ಕ ಒಳ್ಳೆಯ ಕಾರ್ಡ್ ಅನ್ನಿಸಿಕೊಂಡಿತ್ತು. ಆಮೇಲೆ ಹಳೆಯ ಪ್ರೊಸೆಸರುಗಳ ಜೊತೆ ಅದರ ಡ್ರೈವರ್ (ಕಾರ್ಡನ್ನು ನಡೆಸುವ ಸಾಫ್ಟ್‌ವೇರ್) ಪ್ರೊಸೆಸರಿನಿಂದ ಹೆಚ್ಚು ಕೆಲಸ ಕೇಳುತ್ತದೆ ಎಂದು ಗೊತ್ತಾದಾಗ, ನಿಮ್ಮಂಥ ಮಷಿನಿಗೆ ಆ ಮಾತು ಹೊಂದುವುದಿಲ್ಲ ಅನ್ನುವುದು ಸ್ಪಷ್ಟವಾಯಿತು.

ಈಗ ನಿಮ್ಮ ವಿಷಯದ ಮುಖ್ಯ ಗಂಟು, ಮೆಮೊರಿ. ಎರಡು 5060 ಟಿಐಗಳಲ್ಲೂ ಚಿಪ್ ಒಂದೇ, 128 ಬಿಟ್ ಬಸ್ಸೂ (ಚಿಪ್ಪಿಗೂ ಮೆಮೊರಿಗೂ ನಡುವಿನ ದಾರಿ) ಒಂದೇ, ಮೆಮೊರಿಯ ವೇಗವೂ ಸೆಕೆಂಡಿಗೆ 448 ಜಿಬಿ. ಆಟದ ಸಾಮಾನು 8 ಜಿಬಿಯೊಳಗೆ ಹಿಡಿಸುವವರೆಗೆ ಎರಡೂ ಒಂದೇ ಸಮ ಓಡುತ್ತವೆ. ಹಾಗಾಗಿಯೇ ಕಡಿಮೆ ಬೆಲೆಯದ್ದು ಪಟ್ಟಿಯಲ್ಲಿ ಮೇಲೆ ಕೂತಿದೆ. ಹಿಡಿಸದೇ ಹೋದಾಗ ಉಳಿದ ಟೆಕ್ಸ್ಚರುಗಳು (ಆಟದ ವಸ್ತುಗಳ ಮೇಲ್ಮೈಗೆ ಅಂಟಿಸುವ ಚಿತ್ರಗಳು) ಕಂಪ್ಯೂಟರಿನ ಸಾಮಾನ್ಯ ರ್‍ಯಾಮಿನಲ್ಲಿ ಕೂತು, ಬೇಕಾದಾಗಲೆಲ್ಲ ಕಾರ್ಡನ್ನು ಬೋರ್ಡಿಗೆ ಜೋಡಿಸುವ ಪಿಸಿಐಇ ದಾರಿ ಹಿಡಿದು ಬರಬೇಕು. ಆ ದಾರಿಯ ಹದಿನಾರು ಲೇನುಗಳಲ್ಲಿ ಈ ಕಾರ್ಡು ಬಳಸುವುದು ಎಂಟನ್ನೇ. ಪಿಸಿಐಇ 5.0 ಬೋರ್ಡಿನಲ್ಲಿ ಎಂಟು ಲೇನಿಗೆ ಸೆಕೆಂಡಿಗೆ ಸುಮಾರು 32 ಜಿಬಿ ಹರಿಯುತ್ತದೆ. ನಿಮ್ಮ ಬಿ450ಯಲ್ಲಿರುವುದು ಪಿಸಿಐಇ 3.0, ಅಲ್ಲಿ ಹರಿಯುವುದು ಸುಮಾರು 8 ಜಿಬಿ. ಕಾರ್ಡಿನ ಸ್ವಂತ ಮೆಮೊರಿಯ ವೇಗದಲ್ಲಿ ಐವತ್ತರಲ್ಲೊಂದು ಪಾಲೂ ಅಲ್ಲ. ಅಂದರೆ ಹೊಸ ಬೋರ್ಡಿನವರು ತುಸು ಎಡವುವ ಕಡೆ ನೀವು ಮುಗ್ಗರಿಸುತ್ತೀರಿ. ಪಟ್ಟಿ ತಯಾರಾದದ್ದು ಅವರ ಬೋರ್ಡಿನ ಮೇಲೆ.

ಇನ್ನೂ ಕೆಲವು ಆಟಗಳು ಮೆಮೊರಿ ಸಾಲದಾದಾಗ ಫ್ರೇಮ್ ಬೀಳಿಸುವುದೇ ಇಲ್ಲ. ಸದ್ದಿಲ್ಲದೆ ಕಡಿಮೆ ಗುಣಮಟ್ಟದ ಟೆಕ್ಸ್ಚರ್ ಹಾಕಿಬಿಡುತ್ತವೆ. ನಾನು ಕಂಡ ಮಂಜು ಅಕ್ಷರಗಳು ಅವೇ. ಯಾವ ಗ್ರಾಫಿನಲ್ಲೂ ಇದು ಕಾಣದು, ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಮಾತ್ರ ತಿಳಿಯುತ್ತದೆ. ಫ್ರೇಮ್ ಜನರೇಶನ್ ಹಾಕಿದರೆ ಅದಕ್ಕೂ ಒಂದಷ್ಟು ಮೆಮೊರಿ ಬೇಕು. ಅಂದಹಾಗೆ, ಆ ತಂತ್ರ ಹುಟ್ಟಿಸುವ ನಡುವಿನ ಫ್ರೇಮುಗಳನ್ನು ನಾನು ಬೆಲೆಯ ಲೆಕ್ಕಕ್ಕೆ ಸೇರಿಸುವುದೇ ಇಲ್ಲ. ಅದು ಚಲನೆಯನ್ನು ನಯ ಮಾಡುತ್ತದೆ, ಮೌಸ್ ಅಲುಗಾಡಿಸಿದ್ದಕ್ಕೆ ಸಿಗುವ ಪ್ರತಿಕ್ರಿಯೆಯನ್ನು ಬೇಗ ಮಾಡುವುದಿಲ್ಲ. ಮೂಲದಲ್ಲಿ 60 ಫ್ರೇಮಾದರೂ ಇದ್ದರೆ ಅದು ಚೆನ್ನಾಗಿರುತ್ತದೆ, 30ರ ಮೇಲೆ ಹೊದಿಸಿದರೆ ಕಣ್ಣಿಗೊಂದು ಕೈಗೊಂದು ಅನ್ನಿಸುತ್ತದೆ.

ಹಾಗಂತ ಜಿಬಿ ಹೆಚ್ಚಿದ್ದದ್ದೆಲ್ಲ ಒಳ್ಳೆಯದು ಅಂತಲ್ಲ. 12 ಜಿಬಿಯ ಆರ್‌ಟಿಎಕ್ಸ್ 3060ಕ್ಕಿಂತ 8 ಜಿಬಿಯ 3060 ಟಿಐ ಬಹುಪಾಲು ಆಟಗಳಲ್ಲಿ ವೇಗವಾಗಿಯೇ ಓಡುತ್ತದೆ, ಏಕೆಂದರೆ ಅದರ ಚಿಪ್ ದೊಡ್ಡದು, ಬಸ್ 256 ಬಿಟ್. ಹೆಸರನ್ನೂ ಪೂರ್ತಿ ನಂಬಬೇಡಿ. ಅದೇ 3060 ಹೆಸರಿನಲ್ಲಿ ಆಮೇಲೆ ಬಂದ 8 ಜಿಬಿ ಮಾದರಿಯಲ್ಲಿ ಬಸ್ಸನ್ನೂ 192ರಿಂದ 128 ಬಿಟ್‌ಗೆ ಇಳಿಸಿದ್ದರು. 2016ರ ಜಿಟಿಎಕ್ಸ್ 1060ರ 3 ಜಿಬಿ ಮಾದರಿಯಲ್ಲಿ ಮೆಮೊರಿಯಷ್ಟೇ ಅಲ್ಲ, ಕೋರುಗಳೂ 1280ರ ಬದಲು 1152 ಇದ್ದವು. ಪೆಟ್ಟಿಗೆಯ ಮೇಲೆ ಅದನ್ನು ಓದಿ ತಿಳಿಯುವ ಹಾಗಿರಲಿಲ್ಲ.

ಭಾಗಾಕಾರದಲ್ಲೇ ಇರುವ ಒಂದು ತಪ್ಪನ್ನು ಹೇಳಲೇಬೇಕು, ಇದನ್ನು ಬಹಳ ಜನ ಗಮನಿಸುವುದಿಲ್ಲ. ಬೆಲೆ 100 ಇರುವ ಕಾರ್ಡ್ 60 ಫ್ರೇಮ್ ಕೊಡುತ್ತದೆ, ಬೆಲೆ 130 ಇರುವುದು 75 ಕೊಡುತ್ತದೆ ಅಂದುಕೊಳ್ಳಿ. ಫ್ರೇಮಿಗೆ ಮೊದಲಿನದು 1.67, ಎರಡನೆಯದು 1.73. ಅಗ್ಗದ್ದೇ ಗೆದ್ದಿತು. ಆದರೆ ನಿಮ್ಮ ಕೈಯಲ್ಲಿ ಈಗಾಗಲೇ 45 ಫ್ರೇಮ್ ಕೊಡುವ ಕಾರ್ಡ್ ಇದೆ, ಅವಕ್ಕೆ ನೀವು ಹಿಂದೆಯೇ ದುಡ್ಡು ಕೊಟ್ಟಾಗಿದೆ. ಹೊಸದಾಗಿ ಕೊಳ್ಳುತ್ತಿರುವುದು ಮೊದಲಿನದರಲ್ಲಿ 15, ಎರಡನೆಯದರಲ್ಲಿ 30. ಈಗ ಭಾಗಿಸಿ: 6.67 ಮತ್ತು 4.33. ಹಳೆಯದನ್ನು 40ಕ್ಕೆ ಮಾರಿದರೆ ಕ್ರಮವಾಗಿ 4 ಮತ್ತು 3. ಆಗಲೂ ದುಬಾರಿಯದೇ ಲಾಭ. ಹೊಸ ಕಂಪ್ಯೂಟರ್ ಕಟ್ಟುವವರು ಪೂರ್ತಿ ಮಷಿನಿನ ಬೆಲೆಯನ್ನು ಭಾಗಿಸಿ ನೋಡಬೇಕು, ಅಲ್ಲೂ ಇದೇ ಥರ ಅಡಿಮೇಲಾಗುತ್ತದೆ. ಕಾರ್ಡಿನ ಬೆಲೆಯೊಂದನ್ನೇ ಭಾಗಿಸುವ ಪಟ್ಟಿ ಯಾವಾಗಲೂ ಅಗ್ಗದ ಕಡೆ ವಾಲುತ್ತದೆ.

ಉಳಿದದ್ದು ಚಿಕ್ಕ ಮಾತುಗಳು. ಒಂದೇ ಚಿಪ್ಪಿಗೆ ಮೂರು ಫ್ಯಾನು, ಬಣ್ಣದ ದೀಪ, ಕಾರ್ಖಾನೆಯ ಓವರ್‌ಕ್ಲಾಕ್ ಸೇರಿಸಿ ಬೆಲೆ ಏರಿಸಿದ ಮಾದರಿಗಳು ಶಬ್ದ ಕಡಿಮೆ ಮಾಡಬಹುದು, ವೇಗದಲ್ಲಿ ಕೊಡುವುದು ತೀರಾ ಅಲ್ಪ. ವಿದ್ಯುತ್ ಲೆಕ್ಕ ಬೇಕಿದ್ದರೆ: 170 ವ್ಯಾಟಿನ 3060 ಮತ್ತು 115 ವ್ಯಾಟಿನ 4060 ನಡುವಿನ ಅಂತರ, ದಿನಕ್ಕೆ ಮೂರು ಗಂಟೆ ಆಡಿದರೆ, ವರ್ಷಕ್ಕೆ ಸುಮಾರು 60 ಯೂನಿಟ್. ಬಾಳಿಕೆಯ ಬಗ್ಗೆ ಕೇಳಿದ್ದೀರಿ: 2016ರ ಜಿಟಿಎಕ್ಸ್ 10 ಸರಣಿಗೆ ಎನ್ವಿಡಿಯಾ ಆಟಗಳ ಡ್ರೈವರ್ ಕೊಡುವುದನ್ನು ನಿಲ್ಲಿಸಿದ್ದು ಅಕ್ಟೋಬರ್ 2025ರಲ್ಲಿ. ಅಂದರೆ ಒಂಬತ್ತು ವರ್ಷ ಕೊಟ್ಟಿತು; ಡ್ರೈವರ್ ನಿಲ್ಲುವುದಕ್ಕೆ ಬಹಳ ಮೊದಲೇ ಮೆಮೊರಿ ಸಾಲದಾಗುತ್ತದೆ. ನಾಲ್ಕೈದು ವರ್ಷ ಇಟ್ಟುಕೊಳ್ಳುವ ಯೋಚನೆಯಿರುವ ನೀವು 16 ಜಿಬಿಯ ಹೆಚ್ಚುವರಿ ಬೆಲೆಯನ್ನು ಆ ವರ್ಷಗಳ ಮೇಲೆ ಹಂಚಿ ನೋಡಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ಎಎಂಡಿಯ 16 ಜಿಬಿಯ ಆರ್‌ಎಕ್ಸ್ 9060 ಎಕ್ಸ್‌ಟಿ ತಗೊಳ್ಳುತ್ತಿದ್ದೆ. ಅದು ಹದಿನಾರೂ ಲೇನು ಬಳಸುತ್ತದೆ, ಹಾಗಾಗಿ ಹಳೆಯ ಬೋರ್ಡಿನಲ್ಲೂ ದಾರಿ ಎರಡರಷ್ಟು ಅಗಲ ಇರುತ್ತದೆ. ಅದರ 8 ಜಿಬಿ ಮಾದರಿಯೂ ಇದೆ, ಕೊಳ್ಳುವಾಗ ನೋಡಿಕೊಳ್ಳಿ. ನೀವು ಆಡುವ ಆಟಗಳಲ್ಲಿ ಎಫ್‌ಎಸ್‌ಆರ್ 4 ಇಲ್ಲದೆ ಡಿಎಲ್‌ಎಸ್‌ಎಸ್ ಮಾತ್ರ ಇದ್ದರೆ, ಅಥವಾ ಬ್ಲೆಂಡರಿನಂಥ 3ಡಿ ಚಿತ್ರ ತಯಾರಿಸುವ ತಂತ್ರಾಂಶದ ಕೆಲಸವೂ ಇದ್ದರೆ, 16 ಜಿಬಿಯ 5060 ಟಿಐ ಕಡೆಗೆ ಹೋಗಿ. 720ಪಿ ಪರೀಕ್ಷೆಯಲ್ಲಿ ಸಂಖ್ಯೆ ಏರದೇ ಹೋದರೆ ಮಾತ್ರ ಈ ಎರಡನ್ನೂ ಸದ್ಯಕ್ಕೆ ಬದಿಗಿಡಿ. ನಿಮ್ಮ ಬೋರ್ಡಿಗೆ ಬಯೊಸ್ (ಬೋರ್ಡಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿದರೆ ರೈಜನ್ 5 5600 ಪ್ರೊಸೆಸರ್ ಕೂರುತ್ತದೆ. ಮೊದಲು ಅದನ್ನು ಹಾಕಿ, ಈಗಿನ 1660 ಸೂಪರ್‌ನಲ್ಲೇ ಇನ್ನೊಮ್ಮೆ ಅಳೆದು, ಆ ಅಂಕಿಗಳನ್ನು ಇಲ್ಲೇ ಕೆಳಗೆ ಹಾಕಿ. ಕಾರ್ಡಿನ ಮಾತು ಅವನ್ನು ನೋಡಿಕೊಂಡು ಆಡೋಣ.