ಕೆಲಸ ಬಿಡುವ ಮೊದಲು ಕಿವಿ ತೋರಿಸಿಕೋ ತಮ್ಮಾ

ದಾವಣಗೆರೆಯಲ್ಲಿರುವ ಕೆಲಸ ಬಿಟ್ಟು, ಸಿಲಿಂಡರ್ ಕಟ್ಟಿಕೊಂಡು ಸಮುದ್ರದೊಳಗೆ ಇಳಿಯುವುದನ್ನು ಕಲಿಸುವ ಸ್ಕೂಬಾ ಇನ್‌ಸ್ಟ್ರಕ್ಟರ್ ಆಗಲಾ, ಮಾಲ್ಡೀವ್ಸ್‌ನಲ್ಲಿ ಬದುಕು ಹೇಗೆ, ಸಮುದ್ರವೇ ಇಲ್ಲದ ಊರಿನವನಿಗೆ ಇದು ಒಗ್ಗುತ್ತದಾ ಅಂತ ಕೇಳಿದ್ದೀಯ.

ಒಗ್ಗುತ್ತದೆ. ನಾನೂ ಚನ್ನಗಿರಿ ಕಡೆಯವನು. ಬೆನ್ನಿಗೆ ಬೆಂಡು ಕಟ್ಟಿಕೊಂಡು ತೋಟದ ಬಾವಿಯಲ್ಲಿ ಈಜು ಕಲಿತವನು. ಸೂಳೆಕೆರೆಯೇ ನನಗೆ ಸಮುದ್ರ. ಇಲ್ಲಿ ಮಾಲ್ಡೀವ್ಸ್‌ಗೆ ಬಂದು ಹನ್ನೊಂದು ವರ್ಷ ಆಯ್ತು.

ಆದರೆ ವಿಡಿಯೊ ನೋಡಿ ಮರುಳಾಗಬೇಡ. ಎರಡು ಡೈವ್ ಇದ್ದ ದಿನ ನೀರೊಳಗೆ ಇರುವುದು ಹೆಚ್ಚೆಂದರೆ ಎರಡು ಗಂಟೆ. ಉಳಿದಿದ್ದೆಲ್ಲ ಸಿಲಿಂಡರ್ ಹೊರುವುದು, ಗಾಳಿ ತುಂಬುವುದು, ಸೂಟ್ ತೊಳೆಯುವುದು, ಹೆದರಿ ನನ್ನ ಕೈ ಬಿಡದ ಗೆಸ್ಟ್‌ಗೆ ಧೈರ್ಯ ಹೇಳುವುದು. ತುಂಬಿದ ಸಿಲಿಂಡರ್ ಒಂದೊಂದೂ ಹೆಚ್ಚುಕಮ್ಮಿ 17 ಕೆಜಿ.

ಡೈವಿಂಗ್ ಸರ್ಟಿಫಿಕೇಟ್ ಕೊಡುವ ಪ್ಯಾಡಿ ಸಂಸ್ಥೆಯ ಲೆಕ್ಕದಲ್ಲಿ ಡೈವ್‌ಮಾಸ್ಟರ್ (ಗೆಸ್ಟ್‌ಗಳನ್ನು ನೀರೊಳಗೆ ಕರೆದೊಯ್ಯುವವನು) ಆಗಲು 60 ಡೈವ್ ಬೇಕು, ಇನ್‌ಸ್ಟ್ರಕ್ಟರ್ ಪರೀಕ್ಷೆಗೆ 100. ಆಯಿಲ್ ರಿಗ್ ಸಂಬಳ ಅಂತ ಯಾರೋ ತಲೆ ಕೆಡಿಸಿದ್ದಾರಲ್ವಾ? ಅದು ಕಮರ್ಷಿಯಲ್ ಡೈವಿಂಗ್. ಮೇಲಿನಿಂದ ಪೈಪಿನಲ್ಲಿ ಗಾಳಿ ತಗೊಂಡು ಮಾಡುವ ಕೆಲಸ, ಅದರ ತರಬೇತಿಯೇ ಬೇರೆ. ನಮ್ಮ ಸ್ಕೂಬಾ ಸರ್ಟಿಫಿಕೇಟ್ ಕಾರ್ಡ್ ಅಲ್ಲಿ ನಡೆಯುವುದಿಲ್ಲ.

ಊಟದ ವಿಷಯ. ಮೊದಲ ದಿನ ಬೆಳಿಗ್ಗೆ ತಟ್ಟೆಯಲ್ಲಿ ತೆಂಗಿನತುರಿ, ಈರುಳ್ಳಿ, ಹಸಿಮೆಣಸಿನಕಾಯಿ ಕಂಡು ಕೋಸಂಬರಿ ಅಂದುಕೊಂಡೆ. ಬಾಯಿಗಿಟ್ಟ ಮೇಲೆ ಗೊತ್ತಾಯ್ತು, ಮೀನು. ಮಸ್ ಹುನಿ ಅಂತಾರೆ. ನಮ್ಮದು ಲಿಂಗಾಯತರ ಮನೆ, ಅವ್ವನಿಗೆ ಇವತ್ತಿಗೂ ಹೇಳಿಲ್ಲ.

ಒಂದು ಸಂಗತಿ ಮಾತ್ರ ಸರಿಯಾಗಿ ಕೇಳಿಸಿಕೋ. ಒಂದು ದಿನ ಬೆಳಿಗ್ಗೆ ಎರಡು ಡೈವ್ ಮುಗಿಸಿ ದೋಣಿಯಿಂದ ಇಳಿದೆ. ಫೋನಿನಲ್ಲಿ ತಮ್ಮನ ಒಂಬತ್ತು ಮಿಸ್ಡ್ ಕಾಲ್. ಅಪ್ಪನನ್ನು ಐಸಿಯುಗೆ ಸೇರಿಸಿದ್ದರು. ಸಂಜೆ ವಿಮಾನಕ್ಕೆ ಸೀಟು ಇತ್ತು. ಆದರೆ ಒಂದಕ್ಕಿಂತ ಜಾಸ್ತಿ ಡೈವ್ ಮಾಡಿದವನು ಕಡಿಮೆ ಅಂದರೂ 18 ಗಂಟೆ ವಿಮಾನ ಹತ್ತಬಾರದು. ವಿಮಾನ ಮೇಲೆ ಹೋದಂತೆ ಗಾಳಿಯ ಒತ್ತಡ ಕಡಿಮೆಯಾಗಿ, ಡೈವ್‌ನಿಂದ ಮೈಯಲ್ಲಿ ಉಳಿದ ನೈಟ್ರೋಜನ್ ಗುಳ್ಳೆಯಾಗುತ್ತದೆ. ಒದ್ದೆ ಸೂಟಿನಲ್ಲೇ ಜೆಟ್ಟಿಯ ಮೇಲೆ ಕೂತು ಗಡಿಯಾರ ನೋಡಿದೆ. ಅಪ್ಪ ಉಳಿದರು, ಅದು ಬೇರೆ ಮಾತು. ಅವತ್ತಿನಿಂದ ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲ ಅಂದರೆ ನಾನು ನೀರಿಗೆ ಇಳಿಯುವುದಿಲ್ಲ. ಸಂಬಳ ಹೋದರೆ ಹೋಗಲಿ.

ಇನ್ನು ಕಿವಿ. ನೆಗಡಿಯಲ್ಲೇ ಇಳಿದು ಕಿವಿ ಕೆಡಿಸಿಕೊಂಡು ಮೂರು ವಾರ ಸುಮ್ನೆ ಕೂತವನು ನಾನು. ಹತ್ತು ಮೀಟರ್ ಆಳಕ್ಕೇ ಒತ್ತಡ ಮೇಲಿನದಕ್ಕಿಂತ ಎರಡು ಪಟ್ಟು ಆಗುತ್ತದೆ, ಅದು ಕಿವಿಯ ಮೇಲೂ ಬೀಳುತ್ತದೆ. ಅದಕ್ಕೇ ಮೊದಲು ಕಿವಿ ಡಾಕ್ಟರ ಹತ್ತಿರ ಹೋಗು. ಮಳೆಗಾಲ ಕಳೆದ ಮೇಲೆ ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಿ ಒಂದು ಡೈವ್ ಮಾಡಿ ನೋಡು. ರಜೆ ಹಾಕಿದರೆ ಸಾಕು, ರಾಜೀನಾಮೆ ಬೇಡ. ತೋಟ ಅಡ ಇಟ್ಟು ಫೀಸ್ ಕಟ್ಟುವುದಂತೂ ಬೇಡವೇ ಬೇಡ.

ಅಲ್ಲಿಂದ ಬಂದು ಬರೆ. ಕೆಲಸ ಎಲ್ಲಿ ಖಾಲಿ ಇದೆ ಅಂತ ಆಮೇಲೆ ವಿಚಾರಿಸುತ್ತೇನೆ.