ಹೆಡ್ ಬಿಚ್ಚಿಸೋ ಮೊದಲು ಟ್ಯಾಂಕಿನ ತಳ ನೋಡಿ

ನಿಮ್ಮ ಪ್ರಶ್ನೆ ಇಷ್ಟು, ಅಲ್ವಾ? ಹುಬ್ಬಳ್ಳಿಯ ಮನೆ ಪಕ್ಕದ ಶೆಡ್ಡಿನಲ್ಲಿ ಸೆಕೆಂಡ್ ಹ್ಯಾಂಡ್ 2 ಎಚ್‌ಪಿ ಬೆಲ್ಟ್ ಏರ್ ಕಂಪ್ರೆಸರ್ ಇದೆ, ಟ್ಯಾಂಕು 50 ಲೀಟರಿನದು. ಪೇಂಟ್ ಹೊಡೆಯುವಾಗ ಗನ್ನಿನಿಂದ ನೀರಿನ ಹನಿ ಬರುತ್ತದೆ. ಮೋಟಾರ್ ನಿಂತ ಮೇಲೂ ಪ್ರೆಶರ್ ಸ್ವಿಚ್ (ಟ್ಯಾಂಕು ತುಂಬಿದಾಗ ಮೋಟಾರ್ ನಿಲ್ಲಿಸೋ ಸ್ವಿಚ್) ಹತ್ತಿರ ಸುಸ್ ಅನ್ನೋ ಸದ್ದು ನಿಲ್ಲೋದಿಲ್ಲ. ಮತ್ತೆ ಸ್ಟಾರ್ಟ್ ಆಗುವಾಗ ಗುಂಯ್ ಅಂತ ಒದ್ದಾಡಿ ಎಂಸಿಬಿ ಬಿದ್ದುಬಿಡುತ್ತದೆ. ಮೆಕ್ಯಾನಿಕ್ ಹೆಡ್, ಅಂದರೆ ಸಿಲಿಂಡರಿನ ಮೇಲಿನ ಮುಚ್ಚಳ, ಬಿಚ್ಚಿ ಪಿಸ್ಟನ್ ರಿಂಗ್ ಹಾಕಬೇಕು ಅಂದಿದ್ದಾರೆ. ಬಿಚ್ಚಿಸಲೇಬೇಕಾ, ಮನೆಯಲ್ಲೇ ಏನೇನು ನೋಡಿಕೊಳ್ಳಬಹುದು ಅಂತ ಕೇಳಿದ್ದೀರಿ.

ಈಗಲೇ ಬಿಚ್ಚಿಸಬೇಡಿ. ಮೂರು ತೊಂದರೆಯಲ್ಲಿ ಎರಡು ಒಂದೇ ಸಣ್ಣ ವಾಲ್ವಿನಿಂದ ಬಂದ ಹಾಗೆ ಕಾಣುತ್ತದೆ, ಅದನ್ನು ಆಮೇಲೆ ಹೇಳುತ್ತೇನೆ. ನನಗೆ ಜಾಸ್ತಿ ಚಿಂತೆ ಆಗಿರೋದು ಆ ನೀರಿನ ಬಗ್ಗೆ. ಯಾಕೆಂದರೆ ಮೋಟಾರ್, ಬೆಲ್ಟ್, ರಿಂಗ್, ಸ್ವಿಚ್ ಎಲ್ಲಾ ಕೆಟ್ಟರೆ ಬದಲಿಸಬಹುದು. ಟ್ಯಾಂಕು ಒಳಗಿಂದ ತುಕ್ಕು ಹಿಡಿದರೆ ರಿಪೇರಿ ಅನ್ನೋದೇ ಇಲ್ಲ.

ಆ ನೀರು ಎಲ್ಲಿಂದ ಬರುತ್ತದೆ? ನಮ್ಮ ಸುತ್ತಲಿನ ಗಾಳಿಯಲ್ಲೇ ಇರೋ ತೇವ ಅದು. ಕಂಪ್ರೆಸರ್ ಒಂಬತ್ತು ಪಾಲು ಗಾಳಿಯನ್ನು ಒಂದು ಪಾಲು ಜಾಗಕ್ಕೆ ತುರುಕುತ್ತದೆ, ಟ್ಯಾಂಕಿನಲ್ಲಿ ಆ ಗಾಳಿ ತಣ್ಣಗಾಗುತ್ತಿದ್ದಂತೆ ಒದ್ದೆ ಬಟ್ಟೆ ಹಿಂಡಿದ ಹಾಗೆ ನೀರು ಕೆಳಗಿಳಿಯುತ್ತದೆ. ಲೆಕ್ಕ ಹಾಕಿ ನೋಡಿ. ಮಳೆಗಾಲದಲ್ಲಿ 25 ಡಿಗ್ರಿ ಇದ್ದು ಹವೆ ಚೆನ್ನಾಗಿ ತೇವ ಇದ್ದರೆ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 20 ಗ್ರಾಂ ನೀರಿರುತ್ತದೆ. ನಿಮ್ಮ 50 ಲೀಟರ್ ಟ್ಯಾಂಕು 8 ಬಾರ್‌ಗೆ, ಅಂದರೆ ಸುಮಾರು 116 ಪಿಎಸ್‌ಐಗೆ ತುಂಬಿದಾಗ ಅದರಲ್ಲಿ 450 ಲೀಟರ್ ಹೊರಗಾಳಿ ಇರುತ್ತದೆ. ಒಂದು ಸಲ ತುಂಬಿದರೇ ಒಂದೂವರೆ ಚಮಚ ನೀರು ತಳಕ್ಕೆ ಸೇರುತ್ತದೆ. ಪೇಂಟ್ ಕೆಲಸ ಅಂದರೆ ಮೆಷಿನ್ ಸುಮಾರು ಹೊತ್ತು ಓಡುತ್ತದೆ. ನಿಮಿಷಕ್ಕೆ 150 ಲೀಟರ್ ಗಾಳಿ ಎಳೆಯುತ್ತಾ ಅರ್ಧ ಗಂಟೆ ಓಡಿತು ಅಂದುಕೊಳ್ಳಿ, ಒಂದು ಸಣ್ಣ ಕಪ್ ಚಹಾದಷ್ಟು ನೀರು ಆಗುತ್ತದೆ. ಅದರಲ್ಲಿ ಸ್ವಲ್ಪ ಪೈಪಿನಲ್ಲಿ ಹೋಗಿ ನಿಮ್ಮ ಗನ್ನಿನಿಂದ ಹನಿಯುತ್ತದೆ, ಉಳಿದದ್ದು ಟ್ಯಾಂಕಿನ ತಳದಲ್ಲೇ ಕೂತು ಕಬ್ಬಿಣ ತಿನ್ನುತ್ತದೆ.

ಕತ್ತರಿಸಿದ ಹಳೇ ಟ್ಯಾಂಕಿನ ಒಳಗೆ ಒಮ್ಮೆ ನೋಡಿದರೆ ಈ ವಿಷಯ ಮರೆಯೋಕಾಗಲ್ಲ. ಮೇಲಿನ ಅರ್ಧ ಪರವಾಗಿಲ್ಲ ಅನ್ನೋ ಹಾಗಿರುತ್ತದೆ. ತಳದಲ್ಲಿ ಮಾತ್ರ, ನೀರು ನಿಂತ ಗೆರೆಯ ಉದ್ದಕ್ಕೂ, ಕಂದು ಪದರ ಪದರವಾಗಿ ಎದ್ದಿರುತ್ತದೆ. ಉಗುರಿನಿಂದ ಕೆರೆದರೆ ಚೂರು ಚೂರಾಗಿ ಬರುತ್ತದೆ, ಅದರ ಕೆಳಗೆ ತಗಡಿನಲ್ಲಿ ಗುಂಡಿ ಗುಂಡಿ. ಹೊರಗಡೆ ಪೇಂಟ್ ಹೊಸದರ ಹಾಗೆ ಹೊಳೀತಾ ಇರುತ್ತದೆ. ಸೆಕೆಂಡ್ ಹ್ಯಾಂಡ್ ಮಾಲಿಗೆ ಮಾರೋ ಮುಂಚೆ ಹೊಸ ಬಣ್ಣ ಹೊಡೆಯೋದು ಮಾಮೂಲು, ಅದನ್ನು ನೋಡಿ ನಂಬಬೇಡಿ.

ಹಾಗಾಗಿ ಇವತ್ತೇ ಮಾಡಬೇಕಾದ ಕೆಲಸ ಇದು. ಕರೆಂಟ್ ಪ್ಲಗ್ ತೆಗೀರಿ. ಗಾಳಿ ಬಿಟ್ಟು ಪ್ರೆಶರ್ 20 ಪಿಎಸ್‌ಐ ಆಸುಪಾಸಿಗೆ ಇಳಿಸಿ. ಡ್ರೈನ್ ಕಾಕ್ (ಟ್ಯಾಂಕಿನ ತಳದಲ್ಲಿ ನೀರು ಬಿಡೋ ನಲ್ಲಿ) ಇರೋ ಕಡೆಗೆ ನೀರು ಹರಿದು ಬರೋ ಹಾಗೆ ಇನ್ನೊಂದು ಬದಿ ಚಕ್ರದ ಕೆಳಗೆ ಕಟ್ಟಿಗೆ ತುಂಡು ಕೊಡಿ. ಕೆಳಗೊಂದು ಬಿಳಿ ಡಬ್ಬಿ ಇಟ್ಟು ನಿಧಾನ ಕಾಕ್ ತೆರೆಯಿರಿ, ಮುಖ ದೂರ ಇರಲಿ. ಮೊದಲು ನೀರು, ಆಮೇಲೆ ಗಾಳಿ ಜೊತೆ ಉಗುಳಿದ ಹಾಗೆ, ಕೊನೆಗೆ ಬರೀ ಗಾಳಿ. ಡಬ್ಬಿಯಲ್ಲಿ ಬಿದ್ದದ್ದನ್ನು ನೋಡಿ. ಹಾಲಿನ ಬಣ್ಣ ಇದ್ದರೆ ನೀರಿಗೆ ಆಯಿಲ್ ಸೇರಿದೆ, ಸ್ವಲ್ಪ ಇದ್ದರೆ ಸಹಜ, ಜಾಸ್ತಿ ಇದ್ದರೆ ರಿಂಗ್ ಸವೆದಿರಬಹುದು. ತಿಳಿ ಕಂದು ಬಣ್ಣ ಅಂದರೆ ತುಕ್ಕು ಶುರುವಾಗಿದೆ. ಚಕ್ಕೆ ಚಕ್ಕೆ ಬಿದ್ದರೆ ಆ ಟ್ಯಾಂಕಿಗೆ ಗಾಳಿ ತುಂಬೋದನ್ನು ಅಲ್ಲಿಗೇ ನಿಲ್ಲಿಸಿ.

ಕೆಲಸ ಮಾಡಿದ ದಿನವೆಲ್ಲಾ ಸಂಜೆ ಹೀಗೆ ನೀರು ತೆಗೆಯಿರಿ, ಕಾಕ್ ತೆರೆದೇ ಬಿಟ್ಟು ಹೋಗಿ. ಕೈ ಸಿಗೋದಿಲ್ಲ ಅಂತಾನೇ ಬಹಳ ಜನ ಇದನ್ನು ಬಿಡೋದು. ಟ್ಯಾಂಕು ಪೂರ್ತಿ ಖಾಲಿ ಮಾಡಿ, ಅದೇ ಸೈಜಿನ ಎಲ್ಬೋ, ಒಂದು ಗಿಡ್ಡ ನಿಪ್ಪಲ್, ಬಾಲ್ ವಾಲ್ವ್ ಹಾಕಿ ಹೊರಗೆ ತಂದುಕೊಂಡರೆ ಬಗ್ಗದೇ ತಿರುಗಿಸಬಹುದು. ಪಿವಿಸಿ ಪೈಪ್ ಮಾತ್ರ ಗಾಳಿ ಲೈನಿಗೆ ಎಲ್ಲೂ ಹಾಕಬೇಡಿ, ಅದು ಒಡೆದರೆ ಚೂರಿನ ಹಾಗೆ ಸಿಡಿಯುತ್ತದೆ.

ಟ್ಯಾಂಕಿನ ತಳದಲ್ಲಿ ಸೂಜಿ ಮೊನೆಯಷ್ಟು ಗಾಳಿ ಸೋರಿದರೂ ವೆಲ್ಡಿಂಗ್ ಮಾಡಿಸಬೇಡಿ ಅಂತ ಕೈಮುಗಿದು ಕೇಳುತ್ತೇನೆ. ಒಂದು ತೂತು ಬಿದ್ದಿದೆ ಅಂದರೆ ಅದರ ಸುತ್ತಲಿನ ತಗಡೂ ಕಾಗದದಷ್ಟಾಗಿದೆ ಅಂತ ಅರ್ಥ. ಅದಕ್ಕೆ ಶಾಖ ಕೊಟ್ಟು ತೇಪೆ ಹಾಕಿ ಮತ್ತೆ 8 ಬಾರ್ ತುಂಬಿದರೆ, ಒಡೆಯೋದು ತೇಪೆಯ ಪಕ್ಕದಲ್ಲಿ. ಅನುಮಾನ ಇದ್ದರೆ ಹೈಡ್ರೋ ಟೆಸ್ಟ್ ಮಾಡಿಸಿ. ಟ್ಯಾಂಕಿನ ತುಂಬ ನೀರು ತುಂಬಿ, ಕೈಪಂಪಿನಿಂದ ಸಾಮಾನ್ಯವಾಗಿ ಕೆಲಸದ ಪ್ರೆಶರಿನ ಒಂದೂವರೆ ಪಟ್ಟು ಕೊಡುತ್ತಾರೆ. ನೀರು ಕುಗ್ಗುವುದಿಲ್ಲ, ಹಾಗಾಗಿ ಬಿರುಕು ಬಿಟ್ಟರೂ ಸೋರುತ್ತದೆ ಅಷ್ಟೇ, ಗಾಳಿಯ ಹಾಗೆ ಸ್ಫೋಟ ಆಗಲ್ಲ. ಕಾರ್ಖಾನೆಗಳಲ್ಲಿ ಒತ್ತಡದಲ್ಲಿ ನಡೆಯೋ ಯಂತ್ರಗಳಿಗೆ ಕಾನೂನಿನ ನಿಯಮ ಇದೆ. ಮನೆ ಶೆಡ್ಡಿಗೆ ಯಾರೂ ತಪಾಸಣೆಗೆ ಬರೋದಿಲ್ಲ, ನೀವೇ ನೋಡಿಕೊಳ್ಳಬೇಕು.

ಪ್ರೆಶರ್ ಮಿತಿ ಮೀರಿದರೆ ತಾನೇ ಗಾಳಿ ಬಿಡೋ ಸೇಫ್ಟಿ ವಾಲ್ವಿನ ರಿಂಗನ್ನು ತಿಂಗಳಿಗೊಮ್ಮೆ ಪ್ರೆಶರ್ ಇದ್ದಾಗಲೇ ಎಳೆದು ನೋಡಿ. ಭುಸ್ ಅಂತ ಬಿಟ್ಟು ಬಿಗಿಯಾಗಿ ಮುಚ್ಚಿಕೊಳ್ಳಬೇಕು. ಸೋರುತ್ತದೆ ಅಂತ ಅದರ ಜಾಗಕ್ಕೆ ಪ್ಲಗ್ ಹಾಕಿರೋ ಮೆಷಿನ್‌ಗಳಿವೆ, ಸೆಕೆಂಡ್ ಹ್ಯಾಂಡ್ ಆದ್ದರಿಂದ ನಿಮ್ಮದರಲ್ಲಿ ವಾಲ್ವ್ ಇದೆಯಾ ಅಂತ ಮೊದಲು ಖಾತ್ರಿ ಮಾಡಿಕೊಳ್ಳಿ.

ಈಗ ಆ ಸುಸ್ ಸದ್ದು. ಹೆಡ್ಡಿನಿಂದ ಟ್ಯಾಂಕಿಗೆ ಬರೋ ಪೈಪು ಟ್ಯಾಂಕಿಗೆ ಸೇರೋ ಜಾಗದಲ್ಲಿ ಎನ್‌ಆರ್‌ವಿ ಇರುತ್ತದೆ, ಒಳಗೆ ಹೋದ ಗಾಳಿ ವಾಪಸ್ ಬರದ ಹಾಗೆ ತಡೆಯೋ ವಾಲ್ವ್ ಅದು. ಮೋಟಾರ್ ನಿಂತ ಕೂಡಲೇ ಪ್ರೆಶರ್ ಸ್ವಿಚ್ಚಿನ ಕೆಳಗಿರೋ ಅನ್‌ಲೋಡರ್ ಆ ಪೈಪಿನಲ್ಲಿ ಉಳಿದ ಗಾಳಿಯನ್ನು ಹೊರಗೆ ಬಿಡುತ್ತದೆ. ಒಂದೆರಡು ಸೆಕೆಂಡ್ ಫುಸ್ ಅಂದು ನಿಂತರೆ ಎಲ್ಲಾ ಸರಿ ಇದೆ. ನಿಲ್ಲದೇ ಸುಸ್ ಅಂತಿದ್ದರೆ ಎನ್‌ಆರ್‌ವಿ ಸರಿಯಾಗಿ ಮುಚ್ಚುತ್ತಿಲ್ಲ, ಟ್ಯಾಂಕಿನ ಗಾಳಿಯೇ ವಾಪಸ್ ಬರುತ್ತಿದೆ. ಆಗ ಪಿಸ್ಟನ್ ಮೇಲೆ ಒತ್ತಡ ಉಳಿದುಬಿಡುತ್ತದೆ, ಮೋಟಾರು ಭಾರ ಹೊತ್ತೇ ಏಳಬೇಕಾಗುತ್ತದೆ, ಗುಂಯ್ ಅಂತ ಎಂಸಿಬಿ ಬೀಳುತ್ತದೆ. ಟ್ಯಾಂಕು ಪೂರ್ತಿ ಖಾಲಿ ಇದ್ದಾಗ ಸಲೀಸಾಗಿ ಸ್ಟಾರ್ಟ್ ಆಗುತ್ತದಾ ನೋಡಿ. ಆಗುತ್ತದೆ ಅಂದರೆ ಮೊದಲ ಅನುಮಾನ ಈ ವಾಲ್ವಿನ ಮೇಲೇ.

ಪ್ರೆಶರ್ ಸೊನ್ನೆಗೆ ಬಂದಿದೆ ಅಂತ ಖಾತ್ರಿಯಾದ ಮೇಲೆ ಎನ್‌ಆರ್‌ವಿ ಬಿಚ್ಚಿ. ಒಳಗಿನ ಪುಟ್ಟ ಬಿಲ್ಲೆಯ ಮೇಲೆ ಕರಿ ಮಸಿ ಅಥವಾ ತುಕ್ಕಿನ ಪುಡಿ ಕೂತಿರುತ್ತದೆ. ಒರೆಸಿ ಹಾಕಿದರೆ ಎಷ್ಟೋ ಸಲ ಸರಿ ಹೋಗುತ್ತದೆ. ಬಿಲ್ಲೆ ಸವೆದಿದ್ದರೆ ಹೊಸ ವಾಲ್ವೇ ಹಾಕಿ. ಸದ್ದು ನಿಂತರೂ ಸ್ಟಾರ್ಟ್ ಆಗದಿದ್ದರೆ ಮೋಟಾರಿನ ಕೆಪಾಸಿಟರ್ ನೋಡಿಸಿ, ಜೊತೆಗೆ ವೋಲ್ಟೇಜ್. ಸಂಜೆ ವೋಲ್ಟೇಜ್ ಇಳಿಯೋ ಬಡಾವಣೆಯಾದರೆ ಬೆಳಿಗ್ಗೆ ಓಡಿಸಿ ನೋಡಿ. ಸಣ್ಣ ವೈರಿನ ಉದ್ದ ಎಕ್ಸ್‌ಟೆನ್ಶನ್‌ನಿಂದ 2 ಎಚ್‌ಪಿ ಮೋಟಾರ್ ಓಡಿಸಬಾರದು. 16 ಆಂಪ್ ಸಾಕೆಟ್ಟಿಗೆ ನೇರ ಹಾಕಿ, ದೂರ ಬೇಕಿದ್ದರೆ ಗಾಳಿ ಪೈಪು ಉದ್ದ ಮಾಡಿ.

ಪೈಪು ಉದ್ದ ಇದ್ದರೆ ಪೇಂಟಿಗೂ ಒಳ್ಳೇದು. ನೀರು ಹಿಡಿಯೋ ಫಿಲ್ಟರನ್ನು ಬಹಳ ಜನ ಟ್ಯಾಂಕಿನ ಬಾಯಿಗೇ ಕೂರಿಸುತ್ತಾರೆ. ಅಲ್ಲಿ ಗಾಳಿ ಇನ್ನೂ ಬಿಸಿ ಇರುತ್ತದೆ, ತೇವ ಆವಿಯಾಗೇ ಇರುತ್ತದೆ, ಫಿಲ್ಟರ್ ಅದನ್ನು ಹಿಡಿಯೋಕಾಗಲ್ಲ. ಗಾಳಿ ಕೆಲವು ಮೀಟರ್ ಪೈಪಿನಲ್ಲಿ ಹೋಗಿ ತಣ್ಣಗಾದ ಮೇಲೆ, ಗನ್ನಿನ ಕಡೆಗೆ ಫಿಲ್ಟರ್ ಹಾಕಿ. ಹನಿ ಬರೋದು ತುಂಬಾ ಕಡಿಮೆ ಆಗುತ್ತದೆ.

ಆಯಿಲ್ ವಿಷಯದಲ್ಲಿ ಬೈಕಿನ 20ಡಬ್ಲ್ಯೂ-40 ಹಾಕಬೇಡಿ. ಅದರಲ್ಲಿ ಮಸಿ ತೊಳೆಯೋ ಡಿಟರ್ಜೆಂಟ್ ಇರುತ್ತದೆ, ಅದು ತೇವ ಹಿಡಿದಿಟ್ಟುಕೊಳ್ಳುತ್ತದೆ, ಬಿಸಿಗೆ ಹೆಡ್ಡಿನೊಳಗಿನ ವಾಲ್ವ್ ಪ್ಲೇಟ್ ಮೇಲೆ ಮಸಿಯಾಗಿ ಗಟ್ಟಿಯಾಗುತ್ತದೆ. ಇಂಥ ಪಿಸ್ಟನ್ ಮೆಷಿನ್‌ಗೆ ಸಾಮಾನ್ಯವಾಗಿ ವಿಜಿ 100 (ಆಯಿಲ್ ಎಷ್ಟು ಮಂದ ಅನ್ನೋ ನಂಬರ್) ಕಂಪ್ರೆಸರ್ ಆಯಿಲ್. ಹಿಂದಿನ ಮಾಲೀಕರು ಏನು ಹಾಕಿದ್ದರೋ ಗೊತ್ತಿಲ್ಲದ್ದರಿಂದ ಈಗೊಮ್ಮೆ ಪೂರ್ತಿ ಬದಲಿಸಿ, ಆಯಿಲ್ ಮಟ್ಟ ತೋರಿಸೋ ಗಾಜಿನ ಕೆಂಪು ಚುಕ್ಕೆಯ ಮಟ್ಟಕ್ಕೆ ತುಂಬಿ, ಆಮೇಲೆ ಆರು ತಿಂಗಳಿಗೊಮ್ಮೆ. ಏರ್ ಫಿಲ್ಟರ್ ನಮ್ಮ ಕಡೆ ಬೇಸಿಗೆಯಲ್ಲಿ ಬೇಗ ಕಟ್ಟಿಕೊಳ್ಳುತ್ತದೆ, ಎರೆ ಮಣ್ಣಿನ ಧೂಳು ಅಷ್ಟು ನುಣುಪು. ಏಪ್ರಿಲ್, ಮೇನಲ್ಲಿ ವಾರಕ್ಕೊಮ್ಮೆ ತೆಗೆದು ಕೊಡವಿ. ಬೆಲ್ಟನ್ನು ಮಧ್ಯದಲ್ಲಿ ಒತ್ತಿದರೆ ಅರ್ಧ ಇಂಚು ಬಗ್ಗಬೇಕು, ಬಿಗಿ ಜಾಸ್ತಿಯಾದರೆ ಬೇರಿಂಗ್ ಹೋಗುತ್ತದೆ.

ಹಾಗಾದರೆ ಹೆಡ್ ಯಾವಾಗ ಬಿಚ್ಚಬೇಕು? ಖಾಲಿ ಟ್ಯಾಂಕು ತುಂಬೋಕೆ ಎಷ್ಟು ಹೊತ್ತು ಅಂತ ನೋಡಿ. 2 ಎಚ್‌ಪಿಗೆ 50 ಲೀಟರ್ ಮೂರು ನಾಲ್ಕು ನಿಮಿಷದ ಕೆಲಸ. ಎಲ್ಲೂ ಸೋರಿಕೆ ಇಲ್ಲದೇ, ಜಾಯಿಂಟಿಗೆಲ್ಲಾ ಸೋಪಿನ ನೀರು ಹಚ್ಚಿ ನೋಡಿದ ಮೇಲೂ, ಅದಕ್ಕಿಂತ ಬಹಳ ಜಾಸ್ತಿ ಹಿಡಿದರೆ ಓಡುವಾಗ ಏರ್ ಫಿಲ್ಟರಿನ ಬಾಯಿಗೆ ಅಂಗೈ ಹಿಡಿಯಿರಿ. ಗಾಳಿ ಒಳಗೆ ಎಳೆಯೋ ಬದಲು ಆಗಾಗ ಹೊರಗೆ ಊದಿದರೆ ವಾಲ್ವ್ ಪ್ಲೇಟ್ ಹೋಗಿದೆ. ಆಗ ಮೆಕ್ಯಾನಿಕ್ ಹೇಳಿದ್ದು ಸರಿ, ಬಿಚ್ಚಿಸಿ, ಜೊತೆಗೆ ರಿಂಗೂ ನೋಡಿಸಿ.

ಸಾಮಾನು ಗೋಕುಲ ರೋಡ್ ಇಂಡಸ್ಟ್ರಿಯಲ್ ಎಸ್ಟೇಟ್ ಕಡೆ ವಿಚಾರಿಸಿ. ಎನ್‌ಆರ್‌ವಿ ಸೈಜು ಬಾಯಲ್ಲಿ ಹೇಳೋಕೆ ಹೋಗಬೇಡಿ, ಮೂರು ಕಡೆ ಮೂರು ಥರದ ಥ್ರೆಡ್ ಇರುತ್ತದೆ. ಹಳೇದನ್ನೇ ಬಿಚ್ಚಿಕೊಂಡು ಹೋಗಿ ಪಕ್ಕದಲ್ಲಿಟ್ಟು ಹೋಲಿಸಿ ತನ್ನಿ.