ಕುಲಾವಿಯ ಅಳತೆ

ಪ್ರಶ್ನೆ: ನಮ್ಮೂರಿನ ಬೆಳೆಗಾರರ ಗುಂಪಿಗೆ ಕಾಫಿಯ ತೂಕ ಮತ್ತು ಪಾವತಿಯ ಲೆಕ್ಕ ಇಡುವ ತಂತ್ರಾಂಶ ಬರೆಯುತ್ತಿದ್ದೇನೆ. ಮುಂದೆ ಕರಿಮೆಣಸು, ಏಲಕ್ಕಿಯೂ ಸೇರಬಹುದೆಂದು ಯಾವ ಬೆಳೆಗೂ ಹೊಂದುವ ಚೌಕಟ್ಟು ಕಟ್ಟಿ, ತೂಕಕ್ಕೊಂದು, ಪಾವತಿಗೊಂದು, ಸಂದೇಶಕ್ಕೊಂದು ಎಂದು ಪ್ರತ್ಯೇಕ ಸೇವೆಗಳನ್ನು ಮಾಡಿದ್ದೇನೆ. ಆರು ತಿಂಗಳಾದರೂ ಒಂದು ತೂಕದ ಚೀಟಿ ಮುದ್ರಣವಾಗಿಲ್ಲ. ಕೊಯ್ಲು ಹತ್ತಿರ ಬಂದಿದೆ. ಮುಂದಾಲೋಚನೆ ಮಾಡಿದ್ದೇ ತಪ್ಪಾಯಿತೇ?
– ಓದುಗರೊಬ್ಬರು, ಗೋಣಿಕೊಪ್ಪ

ಉತ್ತರ: ಭಾಗಶಃ ಹೌದು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರೆ ಬಟ್ಟೆ ದಂಡವಾಗುವುದು ಸಣ್ಣ ನಷ್ಟ. ತಲೆಯ ಅಳತೆಯೇ ತಿಳಿಯದೆ ಹೊಲಿದಿರುವುದು ದೊಡ್ಡ ತೊಡಕು. ನಿಮ್ಮ ಚೌಕಟ್ಟು ಕಾಫಿಯೊಂದನ್ನೇ ನೋಡಿ ಕಟ್ಟಿದ್ದು. ರೊಬಸ್ಟಾ ಚೆರಿಗೆ, ಅಂದರೆ ಸಿಪ್ಪೆಸಮೇತ ಒಣಗಿಸಿದ ಕಾಫಿ ಹಣ್ಣಿಗೆ, 50 ಕಿಲೋ ಚೀಲದ ದರವಿದ್ದು, ಆ ಚೀಲದಿಂದ ಎಷ್ಟು ಕಿಲೋ ಬೀಜ ಬರುತ್ತದೆ ಎಂಬ ಔಟ್‌ಟರ್ನ್ ನೋಡಿ ಬೆಲೆ ಕಟ್ಟುತ್ತಾರೆ. ಕರಿಮೆಣಸಿಗಾದರೋ ಕಿಲೋ ದರ, ಮತ್ತು ಅಲ್ಲಿ ಪರೀಕ್ಷಿಸುವುದು ತೇವಾಂಶವನ್ನೂ ಒಂದು ಲೀಟರ್ ಕಾಳು ಎಷ್ಟು ಗ್ರಾಂ ತೂಗುತ್ತದೆ ಎಂಬುದನ್ನೂ. ಹೀಗಾಗಿ ‘ಬೆಳೆ’ ಎಂಬ ನಿಮ್ಮ ಸಾಮಾನ್ಯ ಕೋಷ್ಟಕವನ್ನು ಮೆಣಸು ಬಂದ ದಿನ ಒಡೆಯಲೇಬೇಕಾಗುತ್ತದೆ. ಕೆಂಟ್ ಬೆಕ್ ಮತ್ತು ಸಂಗಡಿಗರು 1990ರ ದಶಕದಲ್ಲಿ ರೂಪಿಸಿದ ಎಕ್ಸ್‌ಟ್ರೀಮ್ ಪ್ರೋಗ್ರಾಮಿಂಗ್ ಎಂಬ ತಂತ್ರಾಂಶ ರಚನೆಯ ಪದ್ಧತಿಯವರು, ನಿಜವಾಗಿ ಬೇಕಾಗುವವರೆಗೆ ಯಾವುದನ್ನೂ ಕಟ್ಟಬಾರದೆಂಬ ಸೂತ್ರಕ್ಕೆ ‘ಯಾಗ್ನಿ’ (YAGNI: ‘ಯು ಆರಂಟ್ ಗೊನ್ನಾ ನೀಡ್ ಇಟ್’, ನಿಮಗದು ಬೇಕಾಗದು) ಎಂದು ಹೆಸರಿಟ್ಟದ್ದು ಇಂಥ ಅನುಭವಗಳಿಂದಲೇ.

ಪ್ರತ್ಯೇಕ ಸೇವೆಗಳು ಇದಕ್ಕಿಂತ ಅಪಾಯಕಾರಿ. ತೂಕ ಒಂದರಲ್ಲಿ ದಾಖಲಾಗಿ, ಪಾವತಿ ಇನ್ನೊಂದಕ್ಕೆ ತಲುಪುವ ಮೊದಲೇ ಕರೆಂಟು ಹೋದರೆ (ಕೊಡಗಿನವರಿಗೆ ಇದನ್ನು ವಿವರಿಸಬೇಕಿಲ್ಲ) ಎರಡು ಲೆಕ್ಕಗಳೂ ತಾಳೆಯಾಗುವುದಿಲ್ಲ, ಅವನ್ನು ಸರಿಪಡಿಸಲು ಮತ್ತಷ್ಟು ಕೋಡ್ ಬರೆಯಬೇಕಾಗುತ್ತದೆ. 2000ದಲ್ಲಿ ಬಂದ ಎಸ್‌ಕ್ಯೂಲೈಟ್ ಎಂಬ ದತ್ತಸಂಚಯ (ಡೇಟಾಬೇಸ್) ತಂತ್ರಾಂಶ ಇಡೀ ದತ್ತಸಂಚಯವನ್ನು ಒಂದೇ ಕಡತದಲ್ಲಿಡುತ್ತದೆ; ತೂಕ ಮತ್ತು ಪಾವತಿಯನ್ನು ಒಂದೇ ವಹಿವಾಟಾಗಿ (ಟ್ರಾನ್ಸಾಕ್ಷನ್) ಬರೆದರೆ, ನಡುವೆ ವಿದ್ಯುತ್ ಕಡಿತವಾದರೂ ಎರಡೂ ಉಳಿಯುತ್ತವೆ ಇಲ್ಲವೇ ಎರಡೂ ಇರುವುದಿಲ್ಲ. ಏಕಕಾಲಕ್ಕೆ ಒಬ್ಬರು ಮಾತ್ರ ಬರೆಯಬಹುದೆಂಬ ಮಿತಿ ಅದಕ್ಕಿದೆಯಾದರೂ ಒಂದೇ ತೂಕದ ಯಂತ್ರವಿರುವ ಕಡೆ ಅದು ಅಡ್ಡಿಯಾಗದು. ಸಂದೇಶ ಕಳುಹಿಸುವುದಕ್ಕೆ ಪ್ರತ್ಯೇಕ ಸೇವೆ ಬೇಡ, ಅದೇ ಕೋಡಿನೊಳಗಿನ ಒಂದು ಫಂಕ್ಷನ್ ಸಾಕು.

ಆದರೆ ಸರಳತೆಯ ಹೆಸರಿನಲ್ಲಿ ಕೈಬಿಡಬಾರದ ಸಂಗತಿಗಳೂ ಇವೆ. ಕೋಡನ್ನು ಮತ್ತೆ ಬರೆಯಬಹುದು. ದಾಖಲಿಸದೆ ಬಿಟ್ಟ ತೂಕವನ್ನು ಮರಳಿ ಪಡೆಯಲಾಗದು. ಆದ್ದರಿಂದ ಒಟ್ಟು ತೂಕ, ಚೀಲದ ಕಡಿತ, ಔಟ್‌ಟರ್ನ್, ಅಂದಿನ ದರ, ದಿನಾಂಕ ಇವೆಲ್ಲವನ್ನೂ ಕಚ್ಚಾ ರೂಪದಲ್ಲೇ ಇಟ್ಟುಕೊಳ್ಳಿ, ಕೊನೆಯ ಮೊತ್ತವೊಂದನ್ನೇ ಉಳಿಸಬೇಡಿ. ಹಣವನ್ನು ಪೈಸೆಯಲ್ಲಿ, ತೂಕವನ್ನು ಗ್ರಾಂನಲ್ಲಿ ಪೂರ್ಣಾಂಕವಾಗಿ ಬರೆಯಿರಿ; 0.1ರಂತಹ ದಶಮಾಂಶವನ್ನು ಗಣಕದ ದ್ವಿಮಾನ ಪದ್ಧತಿ ನಿಖರವಾಗಿ ಹಿಡಿದಿಡಲಾರದು, ಮತ್ತು ಬೆಳೆಗಾರರು ಪೈಸೆಯ ವ್ಯತ್ಯಾಸವನ್ನೂ ಗುರುತಿಸುತ್ತಾರೆ.

ಸದ್ಯಕ್ಕೆ ರೊಬಸ್ಟಾ ಚೆರಿಯ ಚೀಟಿಯೊಂದನ್ನೇ ಮುದ್ರಿಸುವಂತೆ ಮಾಡಿ, ಈ ಕೊಯ್ಲಿಗೆ ಅದನ್ನು ಬಳಕೆಗೆ ಕೊಡಿ. ಕರಿಮೆಣಸು ನಿಜವಾಗಿ ಬಂದ ದಿನ ತೂಕದ ಯಂತ್ರದ ಪಕ್ಕ ಒಂದು ಬೆಳಿಗ್ಗೆ ಕುಳಿತು, ಖರೀದಿದಾರರು ಏನೇನು ಕೇಳುತ್ತಾರೆಂದು ಬರೆದುಕೊಂಡು, ಆಮೇಲೆ ಅದರ ಕೋಷ್ಟಕ ರಚಿಸಿ.